ಫೈಲಿನಲ್ಲಿದ್ದ ನಾಲ್ಕು ಸಾಲು

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆಗಿಹೋದವು. ಅರ್ಧ ಬರೆದು ಬಿಟ್ಟ ನಾಲ್ಕೈದು ಬರಹಗಳು ಡ್ರಾಫ್ಟಿನಲ್ಲಿ ಧೂಳು ತಿನ್ನುತ್ತಾ ಕೂತಿವೆ. ಅವುಗಳಲ್ಲೊಂದು ಇದು. ಬರೆಯಲೋ ಬೇಡವೋ ಅಂತ ಎರಡು ವರ್ಷ ಮುಂದೂಡಿದ್ದೆ. ಮೊನ್ನೆ ದೊಡ್ಡಮ್ಮನನ್ನು ಚೆಕಪ್ಪಿಗೆ ಕರೆದುಕೊಂಡು ಹೋಗಿ ಬಂದ ಮೇಲೆ ಅವಳನ್ನೇ ಕೇಳಿದೆ. "ಬರಿಯಪ್ಪ, ನನ್ನ ಹೆಸರು ಮಾತ್ರ ಹಾಕ್ಬೇಡ" ಅಂದಳು. ಹಾಗಾಗಿ ಹೆಸರಿಲ್ಲ. ಆಸ್ಪತ್ರೆಗಳ ಹೆಸರೂ ಇಲ್ಲ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ :)

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಅರಸೀಕೆರೆ ಕಡೆಯ ಹಳ್ಳಿ. ಅಪ್ಪನಿಗೆ ವರ್ಗವಾಗಿ ಊರೂರು ಸುತ್ತುತ್ತಿದ್ದ ಕಾಲದಲ್ಲಿ ನಾನು ಹೈಸ್ಕೂಲು ಮೂರು ವರ್ಷ ಓದಿದ್ದು ಅವಳ ಮನೆಯಲ್ಲೇ. ಬೆಳಿಗ್ಗೆ ರಾಗಿ ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಹಾಕಿ, ಡಬ್ಬಿಗೆ ತುಂಬಿ, ಬಸ್ಸು ಬರುವ ತನಕ ರಸ್ತೆಯಲ್ಲಿ ನಿಂತಿರುತ್ತಿದ್ದಳು. ಮನೆಯ ಅಟ್ಟದ ತುಂಬ ತೆಂಗಿನಕಾಯಿ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ಕಾಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಆಮೇಲೆ ಸುಲಿದು ತಿಪಟೂರಿಗೆ. ದೊಡ್ಡಪ್ಪನಿಗೆ ಅಟ್ಟವೇ ಬ್ಯಾಂಕು. ಈ ವಿಷಯ ಮುಂದೆ ಬರುತ್ತೆ, ಅದಕ್ಕೇ ಹೇಳಿದೆ.

2022ರ ಡಿಸೆಂಬರ್. ದೊಡ್ಡಮ್ಮನ ಮಗಳು, ಅಂದರೆ ನಮ್ಮಕ್ಕ, ಫೋನ್ ಮಾಡಿದಳು. "ಅಮ್ಮಂಗೆ ಎದೇಲಿ ಒಂದು ಗಂಟು ಇತ್ತು ಕಣೋ. ಡಾಕ್ಟ್ರು ಕೊಬ್ಬಿನ ಗಡ್ಡೆ ಇರ್ಬೇಕು ಅಂದ್ರು. ಇವತ್ತು ತೆಗೆದೂಬಿಟ್ರು. ಅರ್ಧ ಗಂಟೆ ಅಷ್ಟೇ, ಸಂಜೆ ಮನೆಗೆ ಬಂದ್ವಿ." ನಾನೂ ಸರಿ ಅಂದೆ. ಆಫೀಸಿನಲ್ಲಿ ರಿಲೀಸ್ ಇತ್ತು, ಮರೆತೂಬಿಟ್ಟೆ.

ಹತ್ತನೇ ದಿನ ಅಕ್ಕ ವಾಟ್ಸಾಪಿನಲ್ಲಿ ರಿಪೋರ್ಟಿನ ಫೋಟೋ ಕಳಿಸಿದಳು. "ಇದೇನು ಅಂತ ನೋಡು, ಇಲ್ಲಿ ಡಾಕ್ಟ್ರು ಬೆಂಗಳೂರಿಗೆ ಹೋಗಿ ಅಂತಿದಾರೆ." ಇನ್‌ವೇಸಿವ್ ಕಾರ್ಸಿನೋಮಾ ಅಂತ ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು: ಗಡ್ಡೆ ತುಂಡು ತುಂಡಾಗಿ ಬಂದಿರುವುದರಿಂದ ಅಂಚುಗಳ ಬಗ್ಗೆ ಏನೂ ಹೇಳಲು ಸಾಧ್ಯವಿಲ್ಲ. ಮೊದಲನೆಯ ಸಾಲು ಓದಿ ಕೈಕಾಲು ತಣ್ಣಗಾಯಿತು. ಎರಡನೆಯ ಸಾಲಿನ ಅರ್ಥ ಗೊತ್ತಾಗಿದ್ದು ಮಾತ್ರ ಆ ರಾತ್ರಿ ಎರಡು ಗಂಟೆಗೆ.

ಆ ರಾತ್ರಿ ಗೂಗಲ್ ಮಾಡುತ್ತಾ ಮಾಡುತ್ತಾ ನನಗೊಂದು ಹೊಸ ಪ್ರಪಂಚ ಸಿಕ್ಕಿತು. ಕ್ಯಾನ್ಸರ್ ಚಿಕಿತ್ಸೆಗೆ ಬರೆದಿಟ್ಟ ಗೈಡ್‌ಲೈನುಗಳಿವೆ. ಅಮೆರಿಕದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳು 1995ರಲ್ಲಿ ಕೂಡಿ ಕಟ್ಟಿದ ಎನ್‌ಸಿಸಿಎನ್ ಅನ್ನುವ ಒಕ್ಕೂಟ 1996ರಿಂದ ಇವನ್ನು ಹೊರತರುತ್ತಾ ಇದೆ. ನಮ್ಮಲ್ಲೂ 2012ರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ನೇತೃತ್ವದಲ್ಲಿ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಶುರುವಾಗಿದೆ. ನಮ್ಮ ಕಿದ್ವಾಯಿ ಸೇರಿ 300ಕ್ಕೂ ಹೆಚ್ಚು ಕೇಂದ್ರಗಳು ಅದರಲ್ಲಿವೆ. ಅವರದೂ ಗೈಡ್‌ಲೈನ್ ಇದೆ. ಅಮೆರಿಕದ್ದಕ್ಕೆ ಲಾಗಿನ್ ಮಾಡಿಕೊಂಡೆ, ಉಚಿತ. ತೆರೆದು ನೋಡಿದರೆ ಪುಟದ ಮೇಲೆ ಪುಟ ಬಾಣದ ಗುರುತುಗಳು. ಹೀಗಿದ್ದರೆ ಈ ಕಡೆ, ಹಾಗಿದ್ದರೆ ಆ ಕಡೆ. ಅರೇ, ಇದು ಫ್ಲೋಚಾರ್ಟು! ನಮ್ಮ ಭಾಷೆ!

ಎದೆಯಲ್ಲಿ ಗಂಟು ಸಿಕ್ಕರೆ ಮಾಡಬೇಕಾದ್ದು ಮೂರು ಕೆಲಸ. ಡಾಕ್ಟರು ಕೈಯಿಂದ ಮುಟ್ಟಿ ನೋಡುವುದು, ಮ್ಯಾಮೋಗ್ರಾಮ್ ಅಥವಾ ಸ್ಕ್ಯಾನು, ಆಮೇಲೆ ದಪ್ಪ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ. ಚಾಕು ಬರುವುದು ಇದೆಲ್ಲ ಆದ ಮೇಲೆ. ಯಾಕೆಂದರೆ ಕ್ಯಾನ್ಸರ್ ಅಂತ ಮೊದಲೇ ಗೊತ್ತಿದ್ದರೆ ಗಡ್ಡೆಯನ್ನು ಸುತ್ತಲಿನ ಆರೋಗ್ಯವಂತ ಅಂಗಾಂಶದ ಜೊತೆ ಇಡಿಯಾಗಿ ತೆಗೆಯುತ್ತಾರೆ, ಅಂಚಿಗೆ ಶಾಯಿ ಹಚ್ಚಿ ಲ್ಯಾಬಿಗೆ ಕಳಿಸುತ್ತಾರೆ. ಅಂಚಿನಲ್ಲಿ ರೋಗ ಉಳಿದಿದೆಯೋ ಇಲ್ಲವೋ ಅಂತ ಹೇಳಲು ಆಗುವುದು ಆಗ ಮಾತ್ರ. ಕೆಲವರಿಗೆ ಆಪರೇಷನ್ನಿಗೆ ಮೊದಲೇ ಕೀಮೋ ಕೊಟ್ಟು ಗಡ್ಡೆ ಕುಗ್ಗಿಸುವ ದಾರಿಯೂ ಇರುತ್ತದೆ. ದೊಡ್ಡಮ್ಮನಿಗೆ ಇದ್ಯಾವುದೂ ಆಗಿರಲಿಲ್ಲ. ಫ್ಲೋಚಾರ್ಟಿನ ಮೊದಲ ಡಬ್ಬಿಯಿಂದ ನೇರವಾಗಿ ಕೊನೆಯ ಡಬ್ಬಿಗೆ ಹಾರಿದ್ದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನು ಕೆಲಸ ಮಾಡುವುದು ಹಣ ಪಾವತಿಯ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿ. ನಮ್ಮಲ್ಲಿ ನಾಲ್ಕು ಸಾಲಿನ ಕೋಡು ಬದಲಾಯಿಸಿದರೂ ಇಬ್ಬರು ನೋಡಿ ಸರಿ ಅನ್ನಬೇಕು. ಯಾರದೋ ಹತ್ತು ರೂಪಾಯಿ ಆಚೀಚೆ ಆದೀತು ಅಂತ ಇಷ್ಟು ಕಟ್ಟುಪಾಡು. ಒಂದು ಜೀವದ ವಿಷಯದಲ್ಲಿ "ತೆಗೆದುಬಿಡೋಣ" ಅನ್ನುವುದಕ್ಕೆ ಯಾರ ಅಪ್ಪಣೆಯೂ ಬೇಡವೇ?

ಇಲ್ಲಿ ಒಂದು ತಪ್ಪೊಪ್ಪಿಗೆ. ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರಿನ ಸೆಮಿನಾರಿಗೆ ನಾನು ಆರಿಸಿಕೊಂಡಿದ್ದ ವಿಷಯ ಐಬಿಎಂನ ವಾಟ್ಸನ್ ಫಾರ್ ಆಂಕಾಲಜಿ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ವೈದ್ಯರು ತರಬೇತಿ ಕೊಟ್ಟಿದ್ದ ಪ್ರೋಗ್ರಾಂ ಅದು. ರೋಗಿಯ ವಿವರ ಕೊಟ್ಟರೆ ಯಾವ ಚಿಕಿತ್ಸೆ ಅಂತ ಹೇಳುತ್ತಿತ್ತು. ನಮ್ಮ ಬೆಂಗಳೂರಿನ ಮಣಿಪಾಲ್ ಆಸ್ಪತ್ರೆಯವರು 2014ರಿಂದ 2016ರ ನಡುವಿನ 638 ಸ್ತನ ಕ್ಯಾನ್ಸರ್ ಪ್ರಕರಣಗಳಲ್ಲಿ ತಮ್ಮ ವೈದ್ಯರ ಮಂಡಳಿಯ ತೀರ್ಮಾನವನ್ನೂ ವಾಟ್ಸನ್ ಹೇಳಿದ್ದನ್ನೂ ಹೋಲಿಸಿ 2018ರಲ್ಲಿ ಪ್ರಕಟಿಸಿದರು. 93% ಹೊಂದಿಕೆ. ನಾನು ಸ್ಲೈಡಿನಲ್ಲಿ ಆ 93 ಅನ್ನು ಹಸಿರು ಬಣ್ಣದಲ್ಲಿ ದೊಡ್ಡದಾಗಿ ಹಾಕಿ, "ಉಳಿದ 7% ಮನುಷ್ಯರ ತಪ್ಪು" ಅಂತ ಠೀವಿಯಿಂದ ಹೇಳಿದ್ದೆ. ಚಪ್ಪಾಳೆಯೂ ಬಿದ್ದಿತ್ತು! ಐಬಿಎಂ ತನ್ನ ವಾಟ್ಸನ್ ಹೆಲ್ತ್ ವ್ಯವಹಾರವನ್ನು 2022ರಲ್ಲಿ ಮಾರಿತು. ನನ್ನ ತಲೆಯೊಳಗೆ ಮಾತ್ರ ಆ ಸ್ಲೈಡು ಹಾಗೇ ಇತ್ತು. ಗೈಡ್‌ಲೈನಿನಂತೆ ನಡೆದರೆ ಒಳ್ಳೆಯ ಡಾಕ್ಟರು, ನಡೆಯದಿದ್ದರೆ ಕೆಟ್ಟವರು. ಅಷ್ಟು ಸರಳ.

ಜನವರಿ ಮೊದಲ ವಾರ ದೊಡ್ಡಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದೆವು. ಒಂದು ಟ್ರಸ್ಟಿನ ಆಸ್ಪತ್ರೆ. ಡಾಕ್ಟರ್ ಮೇಡಂ ಹಳೆಯ ರಿಪೋರ್ಟು ನೋಡಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಹಿಂದಿನ ಡಾಕ್ಟರ ಬಗ್ಗೆ ಒಂದು ಮಾತೂ ಆಡಲಿಲ್ಲ. "ಅಮ್ಮ, ಇನ್ನೊಂದು ಸಲ ಆಪರೇಷನ್ ಮಾಡ್ಬೇಕಾಗುತ್ತೆ. ಅಂಚು ಸರಿಯಾಗಿ ತೆಗೀಬೇಕು, ಕಂಕುಳಲ್ಲಿ ಗ್ರಂಥಿಗೆ ಹೋಗಿದ್ಯಾ ನೋಡ್ಬೇಕು" ಅಂದರು. ಒಂದೇ ಸಲಕ್ಕೆ ಮುಗಿಯಬೇಕಿದ್ದದ್ದು ಎರಡು ಸಲ. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು "ಆಯ್ತು ಬಿಡಿ" ಅಂದಳು, ಯಾರೋ ಸಂತೆಗೆ ಇನ್ನೊಂದು ಸಲ ಹೋಗಿ ಬನ್ನಿ ಅಂದ ಹಾಗೆ.

ಅಲ್ಲಿ ಪ್ರತಿ ಗುರುವಾರ ಟ್ಯೂಮರ್ ಬೋರ್ಡ್ ಅಂತ ಸೇರುತ್ತಿದ್ದರು. ಸರ್ಜನ್ನು, ಕೀಮೋ ಡಾಕ್ಟರು, ರೇಡಿಯೇಷನ್ ಡಾಕ್ಟರು, ಸೂಕ್ಷ್ಮದರ್ಶಕದಲ್ಲಿ ನೋಡುವವರು ಎಲ್ಲ ಒಂದೇ ಮೇಜಿನ ಸುತ್ತ ಕೂತು ಒಬ್ಬೊಬ್ಬ ರೋಗಿಯ ಫೈಲೂ ನೋಡುವುದು. ಕೋಡ್ ರಿವ್ಯೂ! ನನಗೆ ಹಾಲು ಕುಡಿದಷ್ಟು ಸಂತೋಷ.

ಹರ್ಟೂ ಅನ್ನುವ ಪ್ರೋಟೀನಿನ ಪರೀಕ್ಷೆಯಲ್ಲಿ 2+ ಬಂತು. 3+ ಬಂದರೆ ಇದೆ ಅಂತ, 0 ಅಥವಾ 1+ ಬಂದರೆ ನೆಗೆಟಿವ್ ಅಂತ, 2+ ಅಂದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಆಗ ಫಿಶ್ ಅನ್ನುವ ಇನ್ನೊಂದು ಪರೀಕ್ಷೆ ಮಾಡಬೇಕು. "ಫಿಶ್ ಟೆಸ್ಟ್ ಮಾಡಿಸ್ಬೇಕಂತೆ ದೊಡ್ಡಮ್ಮ" ಅಂದೆ. "ಅಯ್ಯೋ ಶಿವನೇ, ನಾವು ಮೀನು ತಿನ್ನಲ್ಲ ಅಂತ ಹೇಳೋ ಅವ್ರಿಗೆ" ಅಂದಳು. ಆ ತಿಂಗಳಲ್ಲಿ ನಾವೆಲ್ಲ ಮನಸಾರೆ ನಕ್ಕಿದ್ದು ಅದೊಂದೇ ಸಲ :)

ಫಿಶ್ ಪಾಸಿಟಿವ್ ಬಂತು. ಗಡ್ಡೆ 1.6 ಸೆಂಟಿಮೀಟರ್, ಕಂಕುಳ ಗ್ರಂಥಿಗೆ ಹರಡಿರಲಿಲ್ಲ, ಎರಡನೆಯ ಆಪರೇಷನ್ನಿನಲ್ಲಿ ಅಂಚು ಶುದ್ಧ. ವಾರಕ್ಕೊಂದರಂತೆ ಹನ್ನೆರಡು ವಾರ ಪ್ಯಾಕ್ಲಿಟ್ಯಾಕ್ಸೆಲ್. ಜೊತೆಗೆ ಮೂರು ವಾರಕ್ಕೊಂದು ಟ್ರಾಸ್ಟುಝುಮ್ಯಾಬ್, ಒಟ್ಟು ಒಂದು ವರ್ಷ. ಆಮೇಲೆ ರೇಡಿಯೇಷನ್. ನನ್ನ ಪ್ರಿಂಟೌಟಿನ ಜೊತೆ ಇಟ್ಟು ನೋಡಿದೆ. ಸಣ್ಣ ಗಡ್ಡೆಗೆ ಇದೇ ಜೋಡಿ ಔಷಧಿ ಕೊಟ್ಟು 406 ಹೆಂಗಸರಲ್ಲಿ ನೋಡಿದ ಅಧ್ಯಯನ 2015ರಲ್ಲಿ ಬಂದಿತ್ತು, ಗೈಡ್‌ಲೈನಿನಲ್ಲೂ ಅದೇ ಇತ್ತು. ಟಿಕ್, ಟಿಕ್, ಟಿಕ್.

ಖರ್ಚಿನ ವಿಷಯ ಹೇಳಲೇಬೇಕು. ಟ್ರಾಸ್ಟುಝುಮ್ಯಾಬ್ ಒಂದು ಕಾಲಕ್ಕೆ ನಮ್ಮಂಥವರು ಕೇಳಿ ಸುಮ್ಮನಾಗಬೇಕಿದ್ದ ಔಷಧಿ. 2014ರಲ್ಲಿ ಬೆಂಗಳೂರಿನ ಬಯೋಕಾನ್ ತನ್ನ ಬಯೋಸಿಮಿಲರನ್ನು ಮಾರುಕಟ್ಟೆಗೆ ತಂದಿತು, ಆಮೇಲೆ ಬೇರೆಯವರೂ ಬಂದರು, ಬೆಲೆ ಇಳಿಯಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೂ ಸೇರಿಸಿತು. ಆದರೂ ನಮಗೆ ಔಷಧಿ, ಬೆಡ್ಡು, ಓಡಾಟ ಎಲ್ಲ ಸೇರಿ ಒಂದು ಸಲಕ್ಕೆ ಇಪ್ಪತ್ತೈದು ಸಾವಿರದ ಆಸುಪಾಸು ಬೀಳುತ್ತಿತ್ತು. ಹದಿನೆಂಟು ಸಲ. ದೊಡ್ಡಪ್ಪನದು ಎಪಿಎಲ್ ಕಾರ್ಡು, ಸರ್ಕಾರಿ ಯೋಜನೆಯಿಂದ ಸಿಕ್ಕಿದ್ದು ಸ್ವಲ್ಪ ಭಾಗ ಮಾತ್ರ. ನಾನೂ ಕೊಡುತ್ತಿದ್ದೆ, ಅಕ್ಕನೂ ಕೊಡುತ್ತಿದ್ದಳು. ದೊಡ್ಡಪ್ಪ ಮಾತ್ರ ಪ್ರತಿ ಸಲವೂ "ನಾನು ತಂದಿದೀನಿ ಬಿಡೋ" ಅಂತ ಅಂಗಿಯ ಒಳಜೇಬಿನಿಂದ ರಬ್ಬರ್‌ಬ್ಯಾಂಡು ಹಾಕಿದ ನೋಟು ತೆಗೆಯುತ್ತಿದ್ದರು. ಎಲ್ಲಿಂದ ಅಂತ ನಾನು ಕೇಳಲಿಲ್ಲ.

ಈ ಔಷಧಿ ಕೆಲವರ ಹೃದಯವನ್ನು ಸುಸ್ತು ಮಾಡುತ್ತದೆ. ಅದಕ್ಕೆ ಮೂರು ತಿಂಗಳಿಗೊಮ್ಮೆ ಎಕೋ ಮಾಡಿ ಹೃದಯ ಎಷ್ಟು ಚೆನ್ನಾಗಿ ರಕ್ತ ಹೊರಹಾಕುತ್ತಿದೆ ಅಂತ ನೋಡುತ್ತಾರೆ. ದೊಡ್ಡಮ್ಮನದು ಶುರುವಿಗೆ 62 ಇತ್ತು. ಮೂರು ತಿಂಗಳಿಗೆ 58. ಆರು ತಿಂಗಳಿಗೆ 54. ಅವಳಿಗೆ ಅರವತ್ತೊಂದು ವರ್ಷ, ಬಿಪಿ ಇದೆ, ಸಕ್ಕರೆ ಕಾಯಿಲೆ ಇದೆ. 54 ಅಂದರೆ ಔಷಧಿ ನಿಲ್ಲಿಸಲೇಬೇಕಾದ ಮಟ್ಟ ಅಲ್ಲ, ನಾನು ಅದನ್ನೂ ಓದಿಕೊಂಡಿದ್ದೆ.

2023ರ ಆಗಸ್ಟ್. ಒಂಬತ್ತು ಡೋಸು ಮುಗಿದಿತ್ತು. ಡಾಕ್ಟರು ಎಕೋ ನೋಡಿ, ಫೈಲು ಮುಚ್ಚಿ, "ಇಲ್ಲಿಗೆ ನಿಲ್ಲಿಸಬಹುದು ಅನ್ಸುತ್ತೆ" ಅಂದರು.

ನಾನು ಬ್ಯಾಗಿನಿಂದ ಪ್ರಿಂಟೌಟು ತೆಗೆದೆ. ಹಳದಿ ಹೈಲೈಟರಿನಲ್ಲಿ ಗೆರೆ ಎಳೆದಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

"ಮೇಡಂ, ಇದರಲ್ಲಿ ಒಂದು ವರ್ಷ ಅಂತ ಇದೆ."

"ಹೌದು, ಒಂದು ವರ್ಷವೇ ಸ್ಟ್ಯಾಂಡರ್ಡು. ನಾನೂ ಹಾಗೇ ಶುರುಮಾಡಿದ್ದು."

"ಹಾಗಾದ್ರೆ ಯಾಕೆ ನಿಲ್ಲಿಸ್ತೀರಿ? ದುಡ್ಡಿನ ವಿಷಯ ಆದ್ರೆ ನಾನಿದೀನಿ."

ಅವರು ದೊಡ್ಡಮ್ಮನ ಕಡೆ ಒಂದು ಸಲ ನೋಡಿದರು. ದೊಡ್ಡಮ್ಮ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ಆಮೇಲೆ ಡಾಕ್ಟರು ನನ್ನ ಪ್ರಿಂಟೌಟನ್ನು ತಿರುಗಿಸಿ, ಅದರ ಹಿಂದಿನ ಖಾಲಿ ಜಾಗದಲ್ಲಿ ಬರೆಯುತ್ತಾ ಹೇಳಿದರು. ಹೊರಗೆ ಮೂವತ್ತು ಜನ ಕಾಯುತ್ತಿದ್ದರೂ ಹತ್ತು ನಿಮಿಷ ಕೊಟ್ಟರು.

ಅವರು ಹೇಳಿದ್ದರ ಸಾರ ಇಷ್ಟು. ಮೊದಮೊದಲಿನ ದೊಡ್ಡ ಪ್ರಯೋಗಗಳನ್ನು ರೂಪಿಸಿದವರು ಒಂದು ವರ್ಷ ಅಂತ ಇಟ್ಟುಕೊಂಡರು, ಫಲ ಚೆನ್ನಾಗಿ ಬಂತು, ಅದೇ ನಿಯಮವಾಯಿತು. ಎರಡು ವರ್ಷ ಕೊಟ್ಟು ನೋಡಿದರು, ಒಂದು ವರ್ಷಕ್ಕಿಂತ ಹೆಚ್ಚಿನ ಲಾಭ ಸಿಗಲಿಲ್ಲ. ಹಾಗಾದರೆ ಕಡಿಮೆ ಕೊಟ್ಟರೆ? ಫ್ರಾನ್ಸಿನಲ್ಲಿ ಆರು ತಿಂಗಳು ಕೊಟ್ಟು ನೋಡಿದ ಪ್ರಯೋಗ, ಆರು ತಿಂಗಳು ಒಂದು ವರ್ಷಕ್ಕೆ ಸಮ ಅಂತ ಸಾಬೀತು ಮಾಡಲು ಆಗಲಿಲ್ಲ. ಬ್ರಿಟನ್ನಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಪರ್ಸೆಫೋನಿ ಅನ್ನುವ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ನಾಲ್ಕು ವರ್ಷದ ಕೊನೆಗೆ ರೋಗವಿಲ್ಲದೆ ಇದ್ದವರು ಒಂದು ವರ್ಷದ ಗುಂಪಿನಲ್ಲಿ 89.8%, ಆರು ತಿಂಗಳ ಗುಂಪಿನಲ್ಲಿ 89.4%. ಹೃದಯದ ತೊಂದರೆಯಿಂದ ಔಷಧಿ ಅರ್ಧಕ್ಕೇ ನಿಲ್ಲಿಸಬೇಕಾಗಿ ಬಂದವರು ಒಂದು ವರ್ಷದವರಲ್ಲಿ 8%, ಆರು ತಿಂಗಳವರಲ್ಲಿ 3%. ಒಂಬತ್ತೇ ವಾರ ಕೊಟ್ಟು ನೋಡಿದ ಇನ್ನೊಂದು ಪ್ರಯೋಗವೂ ಇದೆ, ಅದು ಅಷ್ಟು ಕಡಿಮೆ ಸಾಕು ಅಂತ ತೋರಿಸಲಿಲ್ಲ.

"ಅಂದ್ರೆ ಇದು ಖಚಿತ ಅಂತ ನಾನು ಹೇಳ್ತಿಲ್ಲ" ಅಂದರು. "ಕೀಮೋ ಅರ್ಧಕ್ಕೆ ನಿಲ್ಲಿಸಿ ಅಂದಿದ್ರೆ ನಾನು ಜಗಳ ಆಡ್ತಿದ್ದೆ. ಗಡ್ಡೆ ದೊಡ್ಡದಿದ್ದು, ಗ್ರಂಥಿಗೆ ಹರಡಿದ್ರೆ ಇದಕ್ಕೂ ಜಗಳ ಆಡ್ತಿದ್ದೆ. ಇವರ ವಿಷಯದಲ್ಲಿ ಆಡಲ್ಲ."

"ಅಂದಿದ್ರೆ" ಅನ್ನುವ ಆ ಶಬ್ದ ನನ್ನ ಕಿವಿಗೆ ಆಗ ಬೀಳಲಿಲ್ಲ. ಯಾರು ಅಂದಿದ್ದು?

ಗೊತ್ತಾಗಿದ್ದು ಆ ರಾತ್ರಿ. ಇನ್ಶೂರೆನ್ಸಿಗೆ ಅಂತ ಫೈಲು ಸ್ಕ್ಯಾನ್ ಮಾಡುತ್ತಾ ಕೂತಿದ್ದೆ. ಡಾಕ್ಟರ ಕೈಬರಹ, ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಕನ್ನಡದಲ್ಲಿ ಹೇಳುವುದಾದರೆ: "ಪ್ರಮಾಣಿತ ಅವಧಿ 12 ತಿಂಗಳು ಎಂದು ತಿಳಿಸಲಾಗಿದೆ. 6 ತಿಂಗಳ ಅಧ್ಯಯನಗಳನ್ನೂ ಇರುವ ಅನುಮಾನವನ್ನೂ ವಿವರಿಸಲಾಗಿದೆ. ರೋಗಿಯು 9 ಡೋಸಿಗೆ ನಿಲ್ಲಿಸಲು ಬಯಸುತ್ತಾರೆ. ಕಾರಣ ಕುಟುಂಬಕ್ಕೆ ತಿಳಿಸಬಾರದೆಂದು ಕೋರಿದ್ದಾರೆ. ಎಕೋ ನೋಡಿ ತೀರ್ಮಾನ." ದಿನಾಂಕ ಮೂರು ವಾರ ಹಿಂದಿನದು. ನೆನಪಾಯಿತು, ಆವತ್ತು ನಾನು ಬಿಲ್ಲು ಕಟ್ಟುವ ಕ್ಯೂನಲ್ಲಿದ್ದೆ. ದೊಡ್ಡಪ್ಪ ಕ್ಯಾಂಟೀನಿಗೆ ಹೋಗಿದ್ದರು. ಡಾಕ್ಟರ ಹತ್ತಿರ ದೊಡ್ಡಮ್ಮ ಒಬ್ಬಳೇ ಇದ್ದಳು.

ಅವಳು ಆಗ ನಮ್ಮ ಬೆಂಗಳೂರಿನ ಮನೆಯಲ್ಲೇ ಇದ್ದಳು. ಅಡಿಗೆಮನೆಯಲ್ಲಿ ಅಮ್ಮನ ಜೊತೆ ಅವರೆಕಾಯಿ ಬಿಡಿಸುತ್ತಿದ್ದಳು. ಅಮ್ಮ ಎದ್ದು ಹೋಗುವ ತನಕ ಕಾದು, ಫೈಲು ಅವಳ ಮುಂದೆ ಇಟ್ಟೆ. ಅವಳಿಗೆ ಇಂಗ್ಲಿಷ್ ಬರಲ್ಲ, ಆದರೆ ಯಾವ ಪುಟ ಅಂತ ಗೊತ್ತಾಯಿತು.

"ನಿಮ್ಮ ದೊಡ್ಡಪ್ಪ ಅಟ್ಟ ಖಾಲಿ ಮಾಡ್ತಾ ಬಂದಿದಾರೆ ಕಣಪ್ಪಾ" ಅಂದಳು. "ಇನ್ನೂ ನೀರು ಇಂಗದೇ ಇರೋ ಕಾಯಿ. ಅರ್ಧ ರೇಟಿಗೆ ಕೊಟ್ಟಿದಾರೆ. ಈಗ ಕೆರೆ ಕೆಳಗಿನ ಅರ್ಧ ಎಕ್ರೆ ಕೇಳಕ್ಕೆ ಜನ ಬಂದು ಹೋದ್ರು. ನನ್ ಹತ್ರ ಹೇಳಿಲ್ಲ, ನಂಗೆ ಗೊತ್ತಾಗಲ್ಲ ಅಂದ್ಕೊಂಡಿದಾರೆ. ಆ ಗಿಡಕ್ಕೆಲ್ಲ ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ ಕೊಡದಲ್ಲಿ ನೀರು ಹೊತ್ತು ಹಾಕಿದೀನಿ. ಅದನ್ನ ಮಾರಿ ನಾನು ಇನ್ನೊಂಬತ್ತು ಸೂಜಿ ಚುಚ್ಚಿಸ್ಕೊಂಡು ಏನ್ ಮಾಡ್ಲಿ? ಡಾಕ್ಟ್ರಮ್ಮನ್ನ ಕೇಳ್ದೆ. ನಿಲ್ಲಿಸಿದ್ರೆ ಸಾಯ್ತೀನಾ ಅಂತ. ಅವ್ರು ಎಲ್ಲಾ ಬಿಡಿಸಿ ಹೇಳಿದ್ರು. ಹಂಗಂದ್ರೆ ನಿಲ್ಸಿ ಅಂದೆ."

"ನನ್ನ ಕೇಳಬಹುದಿತ್ತಲ್ಲ ದೊಡ್ಡಮ್ಮ. ನಾನು ಕೊಡ್ತಿದ್ದೆ."

"ಕೊಡ್ತೀಯ ಅಂತ ಗೊತ್ತು. ಅದಕ್ಕೇ ಹೇಳ್ಲಿಲ್ಲ."

ನಾನು ಏನೂ ಮಾತಾಡಲಿಲ್ಲ. ಅವರೆಕಾಯಿ ಬಿಡಿಸುತ್ತಾ ಕೂತೆ.

ಗೈಡ್‌ಲೈನು ಏನು ಹೇಳುತ್ತೆ, ಡಾಕ್ಟರು ಏನು ಮಾಡುತ್ತಾರೆ ಅಂತ ಎಂಟು ತಿಂಗಳು ಅಕ್ಷರ ಅಕ್ಷರ ತಾಳೆ ನೋಡಿದ್ದೆ. ಯಾರ ಮೈಗೆ ಸೂಜಿ ಚುಚ್ಚುತ್ತಿದ್ದರೋ ಅವಳನ್ನು "ನಿಂಗೇನು ಬೇಕು" ಅಂತ ಒಂದು ಸಲವೂ ಕೇಳಿರಲಿಲ್ಲ. ಡಾಕ್ಟರು ಕೇಳಿದ್ದರು. ಕೇಳಿದ್ದನ್ನು ಬರೆದೂ ಇಟ್ಟಿದ್ದರು.

ಆಮೇಲೆ ಗೈಡ್‌ಲೈನನ್ನು ಮತ್ತೆ ಓದಿದೆ, ಈ ಸಲ ಬಾಣಗಳನ್ನು ಬಿಟ್ಟು ಮೊದಲ ಪುಟಗಳನ್ನು. ಅದರಲ್ಲಿ ಪ್ರತಿ ಸಲಹೆಗೂ ಒಂದು ದರ್ಜೆ ಇರುತ್ತದೆ. ಗಟ್ಟಿ ಪುರಾವೆಯೂ ಇದ್ದು ತಜ್ಞರೆಲ್ಲ ಒಪ್ಪಿದರೆ 1. ಪುರಾವೆ ಅಷ್ಟು ಗಟ್ಟಿಯಿಲ್ಲದಿದ್ದರೂ ಎಲ್ಲರೂ ಒಪ್ಪಿದರೆ 2ಎ. ಹೀಗೆ ಇಳಿಯುತ್ತಾ ಹೋಗುತ್ತದೆ. 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಹತ್ತು ಬಗೆಯ ಕ್ಯಾನ್ಸರುಗಳ ಸಲಹೆಗಳನ್ನು ಲೆಕ್ಕ ಹಾಕಿದಾಗ ಮೊದಲ ದರ್ಜೆಯವು 6% ಮಾತ್ರ ಇದ್ದವು, 83% ಇದ್ದದ್ದು 2ಎ. ನಮ್ಮ ಕ್ಯಾನ್ಸರ್ ಗ್ರಿಡ್‌ನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸಲಹೆಗಳನ್ನು ಅತ್ಯಗತ್ಯ, ಇದ್ದರೆ ಉತ್ತಮ, ಐಚ್ಛಿಕ ಅಂತ ಮೂರು ಮಾಡಿಟ್ಟಿದ್ದಾರೆ. ಎಲ್ಲ ಊರಲ್ಲೂ ಎಲ್ಲವೂ ಸಿಗುವುದಿಲ್ಲ ಅಂತ ಅವರಿಗೆ ಗೊತ್ತು. ಬಾಣ ನೋಡುವ ಅವಸರದಲ್ಲಿ ನಾನು ಇದ್ಯಾವುದನ್ನೂ ನೋಡಿರಲಿಲ್ಲ.

ಮಣಿಪಾಲ್‌ನವರ ಆ ಪ್ರಬಂಧವನ್ನೂ ಮತ್ತೆ ತೆಗೆದು ಓದಿದೆ. ವಾಟ್ಸನ್ "ಇದನ್ನೇ ಮಾಡಿ" ಅಂದದ್ದನ್ನು ಮಾತ್ರವಲ್ಲ, "ಇದನ್ನೂ ಪರಿಗಣಿಸಬಹುದು" ಅಂದದ್ದನ್ನೂ ಹೊಂದಿಕೆ ಅಂತಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಹೊಂದದೇ ಹೋದ ಪ್ರಕರಣಗಳನ್ನು ವೈದ್ಯರ ಮಂಡಳಿ 2016ರಲ್ಲಿ ಮತ್ತೊಮ್ಮೆ ನೋಡಿತ್ತು, ಯಾಕೆಂದರೆ ಮೊದಲ ತೀರ್ಮಾನದ ಹೊತ್ತಿಗೆ ಕೆಲವು ಔಷಧಿ, ಕೆಲವು ಗೈಡ್‌ಲೈನು ಇರಲೇ ಇಲ್ಲ. ಅಂದರೆ 93 ಅನ್ನುವುದು ನಾನು ತಿಳಿದಷ್ಟು ನೇರ ಅಂಕಿ ಅಲ್ಲ. ಉಳಿದ 7% ಎಲ್ಲ ತಪ್ಪು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಅದನ್ನು ಸೇರಿಸಿದವನು ನಾನು.

ಇನ್ನೊಂದು ವಿಷಯ. ಅಮೆರಿಕದ ಹಾಲ್‌ಸ್ಟೆಡ್ ಅನ್ನುವ ಸರ್ಜನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ತನದ ಜೊತೆ ಎದೆಯ ಸ್ನಾಯುಗಳನ್ನೂ ತೆಗೆಯುವ ಆಪರೇಷನ್ ಜಾರಿಗೆ ತಂದ. ಹಲವು ದಶಕ ಅದೇ ನಿಯಮ. 1981ರಲ್ಲಿ ಇಟಲಿಯ ವೆರೊನೇಸಿ, 1985ರಲ್ಲಿ ಅಮೆರಿಕದ ಬರ್ನಾರ್ಡ್ ಫಿಶರ್ ತಮ್ಮ ಪ್ರಯೋಗಗಳ ಫಲ ಪ್ರಕಟಿಸಿ, ಸಣ್ಣ ಗಡ್ಡೆಗಳಲ್ಲಿ ಇಡೀ ಸ್ತನ ತೆಗೆಯದೆ ರೇಡಿಯೇಷನ್ ಕೊಟ್ಟರೂ ಬದುಕುವವರ ಪ್ರಮಾಣ ಅಷ್ಟೇ ಇರುತ್ತೆ ಅಂತ ತೋರಿಸಿದರು. ನಮ್ಮ ದೊಡ್ಡಮ್ಮನಿಗೆ ಆದದ್ದೂ ಅದೇ ಬಗೆಯ ಆಪರೇಷನ್. ಇವತ್ತಿನ ಗೈಡ್‌ಲೈನಿನಲ್ಲಿರುವ ಆ ಸಾಲು, ಒಂದು ದಿನ ಯಾರೋ ನಿಯಮವನ್ನು ಪ್ರಶ್ನಿಸಿದ್ದರಿಂದ ಬಂದದ್ದು. ಆದರೆ ಅವರು ಸುಮ್ಮನೆ ಮನಸ್ಸಿಗೆ ಬಂದ ಹಾಗೆ ಮಾಡಲಿಲ್ಲ. ಲೆಕ್ಕ ಇಟ್ಟರು, ಹೋಲಿಸಿದರು, ವರ್ಷಗಟ್ಟಲೆ ಕಾದರು.

ಹಾಗಾದರೆ ಮೊದಲು ಗಡ್ಡೆ ತೆಗೆದ ಡಾಕ್ಟರು? ಅವರನ್ನೂ ಒಂದು ಸಲ ಹೋಗಿ ನೋಡಿದೆ. ಊರಿಗೆ ಹೋದಾಗ, ದೀಪಾವಳಿಯ ಮಾರನೆ ದಿನ. ಜಗಳಕ್ಕೆ ಅಂತಲೇ ಹೋಗಿದ್ದೆ. ವಯಸ್ಸಾದವರು. ದೊಡ್ಡಮ್ಮನ ಹೆಸರು ಹೇಳಿದ ತಕ್ಷಣ "ಹೇಗಿದಾರೆ?" ಅಂತ ಕೇಳಿದರು. ಸೂಜಿ ಪರೀಕ್ಷೆ ಯಾಕೆ ಮಾಡಲಿಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಇಲ್ಲಿ ಮ್ಯಾಮೋಗ್ರಾಮ್ ಇಲ್ಲ ಕಣಪ್ಪ. ಹಾಸನಕ್ಕೋ ಬೆಂಗಳೂರಿಗೋ ಹೋಗಿ ಅಂತ ಚೀಟಿ ಬರೆದುಕೊಟ್ರೆ ಸುಮಾರು ಜನ ಹೋಗೋದೇ ಇಲ್ಲ. ವರ್ಷ ಬಿಟ್ಟು ಹುಣ್ಣಾದ ಮೇಲೆ ಬರ್ತಾರೆ. ಕೈಗೆ ಸಿಕ್ಕಾಗ ತೆಗೆದು ರಿಪೋರ್ಟು ಬಂದ್ರೆ, ಭಯಕ್ಕಾದ್ರೂ ಹೋಗ್ತಾರೆ."

ಕಾರಣ ಇತ್ತು. ಸುಳ್ಳು ಕಾರಣವೂ ಅಲ್ಲ, ನಮ್ಮ ಹಳ್ಳಿಯ ಜನ ನನಗೂ ಗೊತ್ತು. ಆದರೂ ಒಪ್ಪಲಿಕ್ಕೆ ಆಗಲಿಲ್ಲ. ಸೂಜಿ ಹಾಕಿ ಚೂರು ತೆಗೆಯಲು ಮ್ಯಾಮೋಗ್ರಾಮ್ ಮಿಷಿನ್ನು ಬೇಡ. ಗಡ್ಡೆ ಕಳಿಸಿದ ಅದೇ ಲ್ಯಾಬಿಗೆ ಆ ಚೂರನ್ನೂ ಕಳಿಸಬಹುದಿತ್ತು. ಅದನ್ನೇ ಅಂದೆ. ಅವರು ತಲೆ ಆಡಿಸಿದರು, ಹೌದು ಅಂತಲೋ ಇಲ್ಲ ಅಂತಲೋ ತಿಳಿಯಲಿಲ್ಲ. ಮುಖ್ಯವಾಗಿ, ಈ ಕಾರಣವನ್ನು ಅವರು ದೊಡ್ಡಮ್ಮನಿಗೆ ಹೇಳಿರಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ "ಗಡ್ಡೆ ತೆಗೆಯಲಾಗಿದೆ" ಅಂತ ಒಂದೇ ಸಾಲು. ಹೇಳಿದ್ದರೆ ದೊಡ್ಡಮ್ಮ "ನಾನು ಹೋಗ್ತೀನಿ, ಚೀಟಿ ಕೊಡಿ" ಅನ್ನುತ್ತಿದ್ದಳೇನೋ.

ಇಬ್ಬರೂ ಗೈಡ್‌ಲೈನ್ ಬಿಟ್ಟು ನಡೆದವರೇ. ಹೊರಗಿನಿಂದ ಯಾರಾದರೂ ಲೆಕ್ಕ ಹಾಕಿದರೆ ಇಬ್ಬರೂ ಒಂದೇ ಕಾಲಮ್ಮಿಗೆ ಬೀಳುತ್ತಾರೆ. ಒಬ್ಬರು ಬಿಟ್ಟದ್ದು ಎಲ್ಲರೂ ಮಾಡಲೇಬೇಕಾದ ಹೆಜ್ಜೆ, ಅದೂ ರೋಗಿಗೆ ಹೇಳದೆ. ಇನ್ನೊಬ್ಬರು ಬಿಟ್ಟದ್ದು ತಜ್ಞರಿಗೇ ಇನ್ನೂ ಚರ್ಚೆ ಇರುವ ಹೆಜ್ಜೆ, ಅದೂ ರೋಗಿ ಕೇಳಿದ ಮೇಲೆ, ಎರಡೂ ಕಡೆಯದನ್ನು ಬಿಡಿಸಿ ಹೇಳಿ, ದಿನಾಂಕ ಹಾಕಿ ಬರೆದು. ನಮ್ಮ ಟೀಮಿನಲ್ಲೂ ಒಂದು ರೂಲು ಮುರಿದರೆ ಅದರ ಪಕ್ಕದಲ್ಲಿ ಯಾಕೆ ಅಂತ ಕಾಮೆಂಟು ಬರೆಯದೆ ಮರ್ಜ್ ಮಾಡಲು ಬಿಡುವುದಿಲ್ಲ. ಇಷ್ಟು ಸಣ್ಣ ವಿಷಯ ಇಲ್ಲಿಗೆ ಅನ್ವಯಿಸುತ್ತೆ ಅಂತ ನನಗೆ ಹೊಳೆಯಲು ಎಂಟು ತಿಂಗಳು ಬೇಕಾಯಿತು.

ದೊಡ್ಡಮ್ಮ ಈಗ ಚೆನ್ನಾಗಿದ್ದಾಳೆ. ಎಕೋ ಮತ್ತೆ 60ಕ್ಕೆ ಬಂದಿದೆ. ಇದರಿಂದ ಆರು ತಿಂಗಳು ಸಾಕಾಗಿತ್ತು ಅಂತ ಸಾಬೀತಾಗುವುದಿಲ್ಲ, ಒಬ್ಬಳೇ ಒಬ್ಬಳು ದೊಡ್ಡಮ್ಮನಿಂದ ಪ್ರಯೋಗ ಆಗುವುದಿಲ್ಲ. ಪ್ರತಿ ಚೆಕಪ್ಪಿನ ಹಿಂದಿನ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ನಾಳೆ ಏನಾದರೂ ಕಂಡರೆ, ಆವತ್ತು ಹಟ ಹಿಡಿದು ಇನ್ನೊಂಬತ್ತು ಕೊಡಿಸಬೇಕಿತ್ತು ಅಂತ ನನಗೆ ಅನ್ನಿಸದೇ ಇರಲ್ಲ. ಅವಳಿಗೆ ಹಾಗೆ ಅನ್ನಿಸಲ್ಲವಂತೆ. ಕೇಳಿದೆ. "ನಾನು ಕೇಳಿ, ತಿಳ್ಕೊಂಡು ಬಿಟ್ಟಿದ್ದು ಕಣೋ. ನಿಂಗ್ಯಾಕೆ ಅದರ ಭಾರ?" ಅಂದಳು. ದೊಡ್ಡಪ್ಪನಿಗೆ ನಿಜವಾದ ಕಾರಣ ಇವತ್ತಿಗೂ ಗೊತ್ತಿಲ್ಲ. ಅವರು ಬ್ಲಾಗು ಓದುವುದಿಲ್ಲ, ಆ ಧೈರ್ಯದ ಮೇಲೆ ಇಲ್ಲಿ ಬರೆದಿದ್ದೇನೆ.

ಮನೆಯಲ್ಲಿ ಯಾರಿಗಾದರೂ ಗಂಟು ಸಿಕ್ಕರೆ, ದಯವಿಟ್ಟು ಚಾಕುವಿಗೆ ಮೊದಲು ಸೂಜಿ ಪರೀಕ್ಷೆ ಕೇಳಿ. ಡಾಕ್ಟರು ಗೈಡ್‌ಲೈನ್ ಬಿಟ್ಟು ಏನಾದರೂ ಹೇಳಿದರೆ ನನ್ನ ಹಾಗೆ ಹೈಲೈಟರ್ ಹಿಡಿದು ಹೋಗಬೇಡಿ, ಯಾಕೆ ಅಂತ ಕೇಳಿ, ಫೈಲಿನಲ್ಲಿ ಬರೆಯಲು ಹೇಳಿ. ಮತ್ತೆ, ಮಲಗಿರುವವರನ್ನೂ ಒಂದು ಮಾತು ಕೇಳಿ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಅಟ್ಟದ ಮೇಲೆ ಹೊಸ ಕಾಯಿ ಬಿದ್ದಿದೆ. ಕೆರೆ ಕೆಳಗಿನ ಅರ್ಧ ಎಕರೆಯದ್ದು. ಒಂದನ್ನು ಎತ್ತಿ ಅಲ್ಲಾಡಿಸಿದೆ, ಇನ್ನೂ ನೀರಿನ ಸದ್ದು. "ಇಳಿಯೋ ಕೆಳಗೆ, ಇನ್ನೂ ಆರು ತಿಂಗಳಾದ್ರೂ ಬೇಕು ಅದಕ್ಕೆ" ಅಂತ ದೊಡ್ಡಮ್ಮ ಕೆಳಗಿನಿಂದ ಕೂಗಿದಳು.